ಗೌರಿಯ ತಾರೀಕು

ಕೊಟ್ಟಿಗೆಯ ಹೊಸ್ತಿಲಲ್ಲಿ ಗೌರಿ ನಾಲ್ಕು ಕಾಲೂ ಊರಿ ನಿಂತುಬಿಟ್ಟಿತು. ಮುಂದಿನಿಂದ ಲೋಕೇಶ ಕೊರಳ ಹಗ್ಗ ಹಿಡಿದು ಜಗ್ಗುತ್ತಿದ್ದ. ಹಿಂದಿನಿಂದ ಅವನ ತಾಯಿ ಜಯಲಕ್ಷ್ಮಮ್ಮ ಬೆನ್ನು ಸವರಿ, ಬಾಲದ ಬುಡ ನೇವರಿಸಿ, ಹೆತ್ತ ಮಗಳಿಗೆ ಹೇಳುವ ಹಾಗೆ ಬುದ್ಧಿ ಹೇಳುತ್ತಿದ್ದಳು. ಭಾನುವಾರ ಬೆಳಗಿನ ಏಳು ಗಂಟೆ. ಹನ್ನೊಂದಕ್ಕೆ ನಾಗಮಂಗಲದ ಕಡೆಯಿಂದ ಹೆಣ್ಣಿನವರು ಮನೆ ನೋಡಲು ಬರುತ್ತಾರೆ. ಅಷ್ಟರೊಳಗೆ ಈ ಮನೆಯಲ್ಲಿ ಹಸು ಇತ್ತೆಂಬ ಗುರುತೇ ಇರಬಾರದು.

ಬಾಲದ ಬುಡದ ಮೇಲೆ ಆಡುತ್ತಿದ್ದ ಜಯಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು. ಎರಡು ಬೆರಳು ಒತ್ತಿ ನೋಡಿದಳು. ಬಗ್ಗಿ ಕೆಚ್ಚಲು ಮುಟ್ಟಿದಳು.

"ಮೂಳೆ ಸಡ್ಲ ಬಿಟ್ಟವೆ ಕಣ್ಲಾ ಲೋಕಿ. ಇವತ್ತೋ ನಾಳೆನೋ ಅನ್ನಂಗವ್ಳೆ. ಇಂಥದ್ರಲ್ಲಿ ನಾಲೆ ಏರಿ ಮೇಲೆ ಅಷ್ಟು ದೂರ ನಡುಸ್ಕಂಡು ಓಗದು ಬ್ಯಾಡ."

ಲೋಕೇಶ ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಜೇಬಿನ ಫೋನು ತೆಗೆದು ಅವಳ ಮುಂದೆ ಹಿಡಿದ. ಪರದೆಯ ಮೇಲೆ ಗೌರಿಯ ಫೋಟೊ ಇತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಕರು ಹಾಕಲು ಇನ್ನು ಹದಿನೆಂಟು ದಿನ.

"ಯಾವತ್ತಾದ್ರೂ ತಪ್ಪಿದ್ದದಾ ಅವ್ವ ಇದು?" ಎಂದ.

ತಪ್ಪಿರಲಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ಜಯಲಕ್ಷ್ಮಮ್ಮನೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೌರಿಯ ತೊಡೆಗೆ ಭುಜ ಕೊಟ್ಟು ತಳ್ಳಿದಳು.

ಲೋಕೇಶನಿಗೆ ಮೂವತ್ತನಾಲ್ಕು ವರ್ಷ. ಪಾಂಡವಪುರದಿಂದ ಎಂಟು ಕಿಲೋಮೀಟರ್ ಒಳಗಿನ ಈ ಊರಿನಲ್ಲಿ ನಾಲೆ ನೀರು ಹರಿಯುವ ಮೂರು ಎಕರೆ, ತೀರಿಕೊಂಡ ಅಪ್ಪ ಕಟ್ಟಿಸಿಟ್ಟ ತಾರಸಿ ಮನೆ, ಯಾರ ಹಂಗೂ ಇಲ್ಲದ ಬಾಳು. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಅಪ್ಪನ ಕಾಲದಲ್ಲಾಗಿದ್ದರೆ ಇಂಥ ಗಂಡಿಗೆ ಹೆಣ್ಣು ಕೊಡಲು ಜನ ನಾ ಮುಂದು ತಾ ಮುಂದು ಎನ್ನುತ್ತಿದ್ದರು. ಈಗ ಕಾಲ ತಿರುಗಿ ಕೂತಿತ್ತು. ಹದಿನೇಳು ಕಡೆ ಹೆಣ್ಣು ನೋಡಿ ಬಂದಿದ್ದ. ಹದಿನೇಳು ಕಡೆಯೂ ಕೇಸರಿಬಾತು ಚೆನ್ನಾಗಿತ್ತು, ಆಮೇಲೆ ಬಂದ ಉತ್ತರ ಮಾತ್ರ ಒಂದೇ: ಹುಡುಗ ಒಳ್ಳೆಯವನು, ಆದರೆ ಬೇಸಾಯ. ಇದು ಅವನೊಬ್ಬನ ಹಣೆಬರಹವೂ ಆಗಿರಲಿಲ್ಲ. ಅವನ ಜೊತೆ ಓದಿದ ಅರ್ಧಕ್ಕರ್ಧ ಗಂಡಸರು ಮದುವೆಯಿಲ್ಲದೆ, ಭಾನುವಾರ ಬಂತೆಂದರೆ ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡು ಯಾವುದೋ ಊರಿನ ಹೆಣ್ಣು ನೋಡಲು ಹೊರಡುತ್ತಿದ್ದರು.

ಮೂರು ವರ್ಷದ ಕೆಳಗೆ, ಹದಿನೇಳನೆಯದೂ ಕೈತಪ್ಪಿ ಬರುವಾಗ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಮದುವೆ ಬ್ರೋಕರ್ ಸಿದ್ದರಾಜು ತೊಡೆ ತಟ್ಟಿ ಹೇಳಿದ್ದ: "ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತವ್ರೆ ದೊಡ್ಡೋರು. ನಿನ್ ವಿಷ್ಯದಲ್ಲಿ ಸುಳ್ಳೇಳಾಕೂ ಜಾಗ ಇಲ್ವಲ್ಲಲೇ. ಸಾಫ್ಟ್‌ವೇರು ಅಂತ ಒಂದ್ ಮಾತು ಇದ್ದಿದ್ರೆ ನಾನು ಎಂಗೋ ನಿಭಾಯ್ಸ್ತಿದ್ದೆ."

ಬ್ರೋಕರನ ಮಾತು ಹಿಡಿದು ಕಂಪ್ಯೂಟರ್ ಕಲಿತವನು ಈ ಸೀಮೆಯಲ್ಲಿ ಲೋಕೇಶನೊಬ್ಬನೇ ಇರಬೇಕು. ಪಿಯುಸಿ ವಿಜ್ಞಾನದಲ್ಲಿ ಡುಮ್ಕಿ ಹೊಡೆದು ನೇಗಿಲು ಹಿಡಿದವನು. ಬೋರ್‌ವೆಲ್ಲಿಗೆ ಮೂರು ಫೇಸಿನ ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಪಂಪಿನ ಮನೆಯಲ್ಲಿ ಕಾದು ಕೂರುವುದೇ ಅವನ ಅರ್ಧ ಬೇಸಾಯವಾಗಿತ್ತು. ಆ ಕಾಯುವ ಹೊತ್ತಿನಲ್ಲಿ ಫೋನಿನಲ್ಲಿ ಪಾಠ ನೋಡತೊಡಗಿದ. ಇಂಗ್ಲಿಷು ತಲೆಗೆ ಹೋಗುತ್ತಿರಲಿಲ್ಲ. ಒಂದೇ ಪಾಠವನ್ನು ನಾಲ್ಕು ಸಲ ನೋಡಿ, ಗೊತ್ತಾಗದ ಪದವನ್ನು ಗೊಬ್ಬರದ ಚೀಲದ ಮೇಲೆ ಬರೆದುಕೊಂಡು, ಪೇಟೆಯಲ್ಲಿ ಹಳೆಯ ಲ್ಯಾಪ್‌ಟಾಪು ತಂದು, ಒಂದೊಂದೇ ಕೀಲಿ ಒತ್ತಿ ಕಲಿತ. ಮೊದಲ ಆರು ತಿಂಗಳು ಹೆಣ್ಣಿಗಾಗಿ ಕಲಿತದ್ದು ನಿಜ. ಆಮೇಲೆ ಅದರ ರುಚಿಯೇ ಹತ್ತಿತು. ಎರಡು ದಿನ ಹಟ ಹಿಡಿದು ಕೂತಿದ್ದ ಒಂದು ತಪ್ಪು ಮೂರನೆಯ ದಿನ ಕಣ್ಣಿಗೆ ಬಿದ್ದು ಎಲ್ಲ ಸರಿಯಾಗಿ ನಡೆದಾಗ, ಗದ್ದೆಯ ಬದುವಿನ ಮೇಲೆ ಒಬ್ಬನೇ ನಗುತ್ತ ನಡೆದಿದ್ದ. ತನ್ನ ತಲೆಯೂ ಒಂದು ಕೆಲಸಕ್ಕೆ ಬರುತ್ತದೆಂದು ಅವನಿಗೆ ಆವರೆಗೆ ಯಾರೂ ಹೇಳಿರಲಿಲ್ಲ.

ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಪ್ರೋಗ್ರಾಮು ಅವ್ವನಿಗಾಗಿ. ಹಸು ಬೆದೆಗೆ ಬಂದಾಗ ಡಾಕ್ಟರು ಬಂದು ಗಬ್ಬಕ್ಕೆ ಸೂಜಿ ಹಾಕಿದ ತಾರೀಕು ಒತ್ತಿದರೆ ಸಾಕು, ಅದು ಇನ್ನೂರ ಎಂಬತ್ತು ದಿನ ಎಣಿಸಿ ಕರು ಹಾಕುವ ದಿನ ಹೇಳುತ್ತಿತ್ತು. ಜಯಲಕ್ಷ್ಮಮ್ಮನಿಗೆ ಓದು ನಿಧಾನ. ಅದಕ್ಕೆ ತನ್ನದೇ ದನಿ ತುಂಬಿಸಿದ್ದ. ಆ ದಿನ ಬಂದಾಗ, ಅವಳು ಗದ್ದೆಗೆ ಹೊರಡುವ ಹತ್ತು ಗಂಟೆಗೆ ಸರಿಯಾಗಿ ಅವಳ ಫೋನಿನಿಂದ ಮಗನೇ ಮಾತಾಡುತ್ತಿದ್ದ. ಕರು ಹಾಕಿದ ಮೇಲೆ ಒತ್ತಲು ಎರಡು ಗುಂಡಿ, ಹೆಣ್ಣು ಕರು, ಗಂಡು ಕರು. ಒಂದನ್ನು ಒತ್ತುವವರೆಗೂ ಐದೈದು ನಿಮಿಷಕ್ಕೆ ಕೂಗುತ್ತಲೇ ಇರುತ್ತಿತ್ತು. ಅವ್ವ ಮರೆಯಬಾರದೆಂದು ಅವನೇ ಹಾಗೆ ಮಾಡಿದ್ದ. ಒತ್ತಿದರೆ ಕರುವಿನ ಹೆಸರು ಕೇಳುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಊರವರು ಮೊದಮೊದಲು ನಕ್ಕರು. ಅವರ ಇನ್ನೊಂದು ಹಸು ಲಕ್ಷ್ಮಿ ಹೇಳಿದ ದಿನವೇ ಕರು ಹಾಕಿತು. ಪಕ್ಕದ ಬೀದಿಯ ಎರಡು ಹಸು ಒಂದು ದಿನ ಹೆಚ್ಚುಕಡಿಮೆಯಲ್ಲಿ ಹಾಕಿದವು. ಆಮೇಲೆ ಜನ ತಮ್ಮ ಹಸುವಿನ ಚೀಟಿ ಹಿಡಿದು ಇವನ ಜಗಲಿಗೆ ಬರತೊಡಗಿದರು.

ಅದೇ ಪ್ರೋಗ್ರಾಮು ಅವನಿಗೆ ಕೆಲಸವನ್ನೂ ಕೊಡಿಸಿತು. ಮೈಸೂರಿನ ಒಂದು ಸಣ್ಣ ಕಂಪನಿ. ಇಪ್ಪತ್ತು ಜನರೂ ಇಲ್ಲ. ಸಂದರ್ಶನ ಮಾಡಿದವಳು ಅವನಿಗಿಂತ ಎಂಟು ವರ್ಷ ಚಿಕ್ಕವಳಾದ ಸ್ನೇಹ. ಡಿಗ್ರಿ ಇಲ್ಲವೆಂದು ತಳ್ಳಿಹಾಕದೆ, ಮಾಡಿದ್ದೇನಾದರೂ ಇದ್ದರೆ ತೋರಿಸಿ ಎಂದಿದ್ದಳು. ಅವನು ಗೌರಿಯ ಪುಟ ತೆರೆದು ತೋರಿಸಿದ. ಸೆಪ್ಟೆಂಬರಿನಲ್ಲಿ ಗೌರಿಗೆ ಸೂಜಿ ಹಾಕಿಸಿದ್ದರು, ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಯ ಹಾಗೆ ಕೂಗಿತೆಂದು ಇನ್ನೊಮ್ಮೆ ಹಾಕಿಸಿದ್ದರು. ಅದನ್ನೆಲ್ಲ ಅವನು ಉತ್ಸಾಹದಿಂದಲೇ ವಿವರಿಸಿದ. ಸ್ನೇಹ ಪೆನ್ನು ಆಡಿಸುತ್ತ ಕೇಳಿದಳು: "ಒಂದೇ ಹಸುಗೆ ಎರಡು ತಾರೀಕು ಬಂದ್ರೆ ನಿಮ್ಮ ಪ್ರೋಗ್ರಾಂ ಏನ್ ಮಾಡುತ್ತೆ?" ಹಳೆಯದು ಅಳಿಸಿಹೋಗುತ್ತದೆ, ಕೊನೆಯದೇ ಲೆಕ್ಕ ಎಂದ. ಮೊದಲನೆಯ ಸೂಜಿಗೇ ಗಬ್ಬ ನಿಂತಿದ್ದರೆ ಮತ್ತೆ ಬೆದೆಗೆ ಯಾಕೆ ಬರುತ್ತದೆ? "ಯಾವಾಗ್ಲೂ ಹಾಗೇನಾ?" ಎಂದಳು ಅವಳು. ಗೊತ್ತಿಲ್ಲ ಎಂದರೆ ಕೆಲಸ ಹೋದೀತೆಂಬ ಹೆದರಿಕೆಗೆ, ಯಾವಾಗಲೂ ಹಾಗೇ ಎಂದುಬಿಟ್ಟ. ಪೇಟೆಯ ಹುಡುಗಿಗೆ ಹಸುವಿನ ವಿಷಯ ಏನು ಗೊತ್ತು ಎಂದು ಮನಸ್ಸಿನಲ್ಲಿ ಸಣ್ಣದಾಗಿ ನಕ್ಕದ್ದೂ ಉಂಟು.

ಫೆಬ್ರವರಿಯಿಂದ ಮನೆಯಲ್ಲೇ ಕೂತು ಕೆಲಸ. ಮೊದಲ ಆರು ತಿಂಗಳು ತರಬೇತಿ, ಆಮೇಲೆ ಖಾಯಂ. ಸಿದ್ದರಾಜು ಈಗ ಸುಳ್ಳೇ ಹೇಳಬೇಕಿರಲಿಲ್ಲ. ಹದಿನೆಂಟನೆಯ ಸಂಬಂಧ ತಾನಾಗಿ ಹುಡುಕಿಕೊಂಡು ಬಂತು. ಹೆಸರು ಧನುಶ್ರೀ, ಬಿ.ಕಾಂ. ಓದಿ ನಾಗಮಂಗಲದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸದಲ್ಲಿದ್ದಳು. ಹೆಣ್ಣು ನೋಡುವ ದಿನ ಇಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಪ್ರೋಗ್ರಾಂ ಅಂದರೆ ಏನು, ದಿನವಿಡೀ ಏನು ಬರೆಯುತ್ತೀರಿ ಎಂದೆಲ್ಲ ಕೇಳಿದಳು. ಹಾಗೆ ಕೇಳಿದವರು ಅವನ ಬದುಕಿನಲ್ಲಿ ಅವಳೇ ಮೊದಲು. ಪಂಪಿನ ಮನೆಯ ಕಥೆಗೆ ಅವಳು ನಕ್ಕಾಗ ಆ ನಗು ಇನ್ನಷ್ಟು ಕೇಳಬೇಕೆನಿಸಿತು. ಕೊನೆಯಲ್ಲಿ ಅವಳ ದನಿ ತಗ್ಗಿತು.

"ನಮ್ಮವ್ವನ ಕೈ ನೀವು ನೋಡಿಲ್ಲ. ಬೆಳಿಗ್ಗೆ ಐದು ಗಂಟೆಗೆ ಸಗಣಿ ಬಾಚಾಕೆ ನಿಂತ್ರೆ ರಾತ್ರಿವರ್ಗೂ ಅದೇಯ. ಒಂದ್ ಮದ್ವೆ ಇಲ್ಲ, ಒಂದ್ ಊರಿಲ್ಲ. ನಾನೂ ಹತ್ತು ವರ್ಷದವ್ಳಿಂದ ಹಾಲು ಕರ್ದಿವ್ನಿ. ಗಂಡ ಎಂಗಿದ್ರೂ ಸರಿ, ಮನೇಲಿ ಹಸ ಇರ್ಬಾರ್ದು ಅಂತ ನಮ್ಮಪ್ಪಂಗೆ ಹೇಳ್ಬುಟ್ಟಿವ್ನಿ. ನಿಮ್ಮನೇಲಿ ಅವಾ?"

"ಇಲ್ಲ," ಎಂದ ಲೋಕೇಶ. "ಮಾರ್ಬುಟ್ವಿ."

ಆ ಮಾತನ್ನು ನಿಜ ಮಾಡಲು ವಾರದೊಳಗೆ ಲಕ್ಷ್ಮಿಯನ್ನೂ ಅದರ ಕರುವನ್ನೂ ಮಾರಿದ. ಗೌರಿಯ ವಿಷಯಕ್ಕೆ ಬಂದಾಗ ಜಯಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು. ತುಂಬಿದ ಗಬ್ಬದ ಹಸುವನ್ನು ಸಂತೆಗೆ ಹೊಡೆದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದಳು. ಕೊನೆಗೆ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದರು. ಮದುವೆ ಮುಗಿಯುವವರೆಗೆ ಗೌರಿ ಅವಳ ತಂಗಿ ಯಶೋದಮ್ಮನ ಮನೆಯಲ್ಲಿರಲಿ. ನಾಲೆಯ ಆಚೆ ಮೂರು ಕಿಲೋಮೀಟರ್ ದೂರದ ಊರು. ಅಕ್ಕಪಕ್ಕದಲ್ಲೇ ಎಲ್ಲಾದರೂ ಕಟ್ಟೋಣವೆಂದರೆ ಆಗುವಂತಿರಲಿಲ್ಲ. ಜಯಲಕ್ಷ್ಮಮ್ಮನ ದನಿ ಕಿವಿಗೆ ಬಿದ್ದರೆ ಸಾಕು, ಗೌರಿ ಬೀದಿ ಕೇಳುವ ಹಾಗೆ ಅಂಬಾ ಎನ್ನುತ್ತಿತ್ತು.

ಏರಿಯ ಮೇಲೆ ಗೌರಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಬಿಸಿಲು ಅಷ್ಟು ಹೊತ್ತಿಗೇ ಚುರುಗುಟ್ಟುತ್ತಿತ್ತು. ನಿಂತಾಗಲೆಲ್ಲ ಲೋಕೇಶ ಗಡಿಯಾರ ನೋಡಿ ಹಗ್ಗ ಜಗ್ಗಿದ. ಯಶೋದಮ್ಮ ಮನೆಯ ಹಿಂದಿನ ಚಪ್ಪರದಡಿ ಜಾಗ ಗುಡಿಸಿಟ್ಟಿದ್ದಳು. ಗೌರಿಯನ್ನು ಸುತ್ತಲೂ ನೋಡಿ ಅವಳೂ ಅಕ್ಕನ ಮಾತನ್ನೇ ಆಡಿದಳು. ಹದಿನೆಂಟು ದಿನ ಇದೆ ಚಿಕ್ಕವ್ವ ಎಂದು ಹೇಳಿ, ಮನೆಯ ಕಡೆ ಓಡಿ ಬಂದೀತೆಂದು ಹಗ್ಗವನ್ನು ಗಿಡ್ಡ ಮಾಡಿ ಕಟ್ಟಿ, ಲೋಕೇಶ ಬಂದ ದಾರಿಯಲ್ಲೇ ಓಡಿದ. ಹಿಂದಿನಿಂದ ಗೌರಿ ಕೂಗಿದ್ದು ಏರಿ ತಿರುಗುವವರೆಗೂ ಕೇಳಿಸುತ್ತಿತ್ತು.

ಮನೆಯಲ್ಲಿ ಕೊಟ್ಟಿಗೆಯೇ ಆಫೀಸಾಗಿತ್ತು. ನೆಲವನ್ನು ಮೂರು ಸಲ ಫಿನಾಯಿಲಿನಲ್ಲಿ ತೊಳೆದು, ಗೂಟ ಕಿತ್ತು, ಅದರ ಕುಳಿಗೆ ಸಿಮೆಂಟು ಮೆತ್ತಿ, ಮೇಜು ಕುರ್ಚಿ ಹಾಕಿದ್ದರು. ಮೇವು ಹಾಕುವ ಗೊಂತಿನ ಮೇಲೆ ಹಲಗೆ ಹೊದಿಸಿ ಮೂರು ಪುಸ್ತಕ, ಒಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಕಾಫಿಗೆ ಪ್ಯಾಕೆಟ್ ಹಾಲು ಬಂತು. ಆ ಮನೆಯ ಒಲೆಯ ಮೇಲೆ ಪ್ಯಾಕೆಟ್ ಹಾಲು ಕುದಿದದ್ದು ಅದೇ ಮೊದಲು. ಜಯಲಕ್ಷ್ಮಮ್ಮ ಅದರ ವಾಸನೆಗೆ ಮುಖ ತಿರುಗಿಸಿ ಕಾಸಿದಳು.

ಹೆಣ್ಣಿನ ತಂದೆ ಚಿಕ್ಕಸ್ವಾಮಿ, ಜೊತೆಗೆ ಇಬ್ಬರು ಹೆಂಗಸರು, ಸಿದ್ದರಾಜು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮನೆ ನೋಡಿದರು, ತಾರಸಿ ಹತ್ತಿ ಇಳಿದರು. ಹೆಂಗಸರು ಅಡಿಗೆಮನೆಯಲ್ಲಿ ಜಯಲಕ್ಷ್ಮಮ್ಮನ ಜೊತೆ ಕೂತರು. ಚಿಕ್ಕಸ್ವಾಮಿ ಆಫೀಸು ನೋಡಬೇಕೆಂದ. ಬಾಯಿ ತುಂಬ ಎಲೆ ಅಡಿಕೆ ಹಾಕಿದ್ದ ಗಟ್ಟಿ ಆಳು. ಎಪ್ಪತ್ತು ಬೇಸಿಗೆ ಕಂಡವನ ಹಾಗೆ ಮೈ ಕಪ್ಪಾಗಿತ್ತು. ಲೋಕೇಶ ಲ್ಯಾಪ್‌ಟಾಪು ತೆರೆದು ಕಂಪನಿಯ ಕಾಗದ ತೋರಿಸಿದ, ತಾನು ಮಾಡುವ ಕೆಲಸ ತೋರಿಸಿದ. ಚಿಕ್ಕಸ್ವಾಮಿ ಪರದೆಯನ್ನು ನೋಡುತ್ತಿರಲಿಲ್ಲ. ನೆಲದ ಇಳಿಜಾರನ್ನು, ಗೋಡೆಯ ಬುಡದಲ್ಲಿ ಗಂಜಲ ಹೊರಹೋಗುವ ಕಿಂಡಿಯನ್ನು, ಇನ್ನೂ ಒಣಗದ ಸಿಮೆಂಟನ್ನು ನೋಡುತ್ತಿದ್ದ.

ಆಗ ಮೇಜಿನ ಮೇಲಿದ್ದ ಫೋನು ಸದ್ದಿಲ್ಲದೆ ನಡುಗಿತು. ಯಶೋದ ಚಿಕ್ಕವ್ವ. ಲೋಕೇಶ ಕರೆ ಕತ್ತರಿಸಿದ.

"ಮಾರಿ ಎಷ್ಟ್ ದಿನ ಆಯ್ತಪ್ಪ?" ಎಂದ ಚಿಕ್ಕಸ್ವಾಮಿ.

ಎರಡು ತಿಂಗಳಾಯಿತು ಎಂದು ಲೋಕೇಶ ಹೇಳಿದ. ಫೋನು ಮತ್ತೆ ನಡುಗಿತು. ಎತ್ತಿದರೆ ಚಿಕ್ಕವ್ವನ ದನಿ ಫೋನಿನಿಂದ ಹೊರಗೂ ಕೇಳುವಷ್ಟು ಜೋರು. ಮೊದಲ ಮಾತೇ ಗೌರಿಯದಾಗಿರುತ್ತದೆ. ಹಗ್ಗ ಕಿತ್ತುಕೊಂಡಿರಬೇಕು, ಇಲ್ಲವೆ ಹುಲ್ಲು ಮುಟ್ಟಿರಲಿಕ್ಕಿಲ್ಲ, ಅಷ್ಟೇ ತಾನೆ, ಒಂದು ಗಂಟೆ ಬಿಟ್ಟು ಮಾಡಿದರಾಯಿತು ಎಂದುಕೊಂಡ. ಕತ್ತರಿಸಿದ. ಮೂರನೆಯ ಸಲವೂ ಕತ್ತರಿಸಿ ಫೋನನ್ನು ಪೂರ್ತಿ ಆರಿಸಿಟ್ಟ. ಅವನು ನಿಂತದ್ದು ಗೌರಿ ದಿನಾ ನಿಲ್ಲುತ್ತಿದ್ದ ಜಾಗದಲ್ಲೇ.

ಚಿಕ್ಕಸ್ವಾಮಿ ಚಪ್ಪಲಿಯ ತುದಿಯಿಂದ ಹಸಿ ಸಿಮೆಂಟನ್ನು ಮೆಲ್ಲಗೆ ಒತ್ತಿ ನೋಡಿದ. ಅದು ತಗ್ಗಿತು. ಮಾತಿನಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ.

"ನಾನೂ ದನ ಕಟ್ಟಿರೋನೇ ಕಣಪ್ಪ. ಮೂಗು ಸುಳ್ಳೇಳಾಕಿಲ್ಲ. ಮಗಳು ಕೇಳಿದ್ದಕ್ಕೆ ನೀನು ಇಷ್ಟೆಲ್ಲ ಮಾಡಿದಿಯಲ್ಲ, ಅಷ್ಟ್ ಸಾಕು. ಮದ್ವೆ ವತ್ಗೆ ಏನಿದ್ರೂ ಕಳಿಸ್ಬುಡು."

ಊಟ ಮುಗಿದು ಎಲೆ ಅಡಿಕೆ ಹಿಡಿಯುವಾಗ ಒಪ್ಪಿಗೆ ಎಂದರು. ಆಷಾಢ ಹಿಡಿಯುವ ಮೊದಲೇ ಹೆಣ್ಣಿಗೆ ಹೂ ಮುಡಿಸುವ ಶಾಸ್ತ್ರ ಆಗಲಿ ಎಂದು ಕ್ಯಾಲೆಂಡರ್ ತೆಗೆದು ಗುರುವಾರವೊಂದನ್ನು ಗೊತ್ತು ಮಾಡಿದರು. ಅಂದಿನಿಂದ ಹದಿನೆಂಟನೆಯ ದಿನ. ಸಿದ್ದರಾಜು ಲೋಕೇಶನ ಬೆನ್ನಿಗೊಂದು ಗುದ್ದು ಕೊಟ್ಟ. ಹದಿನಾಲ್ಕು ವರ್ಷದಿಂದ ಕಾದ ಮಾತು ಕಿವಿಗೆ ಬಿದ್ದಾಗ ಲೋಕೇಶನಿಗೆ ಕಣ್ಣು ತುಂಬಿಬಂತು. ಕಾರು ಬೀದಿ ದಾಟಿದ ಮೇಲೆ ಫೋನು ಹಚ್ಚಿದ. ಹನ್ನೊಂದು ಕರೆ ಬಂದಿದ್ದವೆಂದು ಸಂದೇಶ ತೋರಿಸಿತು.

ತಾಯಿ ಮಗ ಏರಿಯ ಮೇಲೆ ಬೈಕಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಮೂರು ದಾಟಿತ್ತು. ಕರು ಅಡ್ಡ ಸಿಕ್ಕಿಕೊಂಡಿತ್ತಂತೆ. ಒಂದೇ ಕಾಲು ಹೊರಗೆ ಬಂದು ನಿಂತಿತ್ತಂತೆ. ಗಂಡಸರೆಲ್ಲ ಯಾವುದೋ ತಿಥಿಗೆ ಹೋಗಿದ್ದರು. ಯಶೋದಮ್ಮನಿಗೆ ಡಾಕ್ಟರ ನಂಬರು ಗೊತ್ತಿರಲಿಲ್ಲ. ಬೀದಿ ಬೀದಿ ಓಡಿ, ಕೊನೆಗೆ ಹೊಲದಿಂದ ಇಬ್ಬರು ಮುದುಕರನ್ನು ಕರೆತಂದು ಎಳೆಸಿದ್ದಳು. ಕರು ಸತ್ತೇ ಬಂದಿತ್ತು. ಗೋಣಿಚೀಲದ ಮೇಲೆ ಮಲಗಿತ್ತು, ಕಪ್ಪು ಬಿಳುಪಿನ ಹೆಣ್ಣು ಕರು, ಹಣೆಯ ಮೇಲೆ ತಾಯಿಯದೇ ಚುಕ್ಕಿ. ಗೌರಿ ಅದನ್ನು ನೆಕ್ಕಲು ಕತ್ತು ಚಾಚಿ ಚಾಚಿ ಹಗ್ಗ ಗಿಡ್ಡವಾದದ್ದರಿಂದ ಮುಟ್ಟಲಾಗದೆ, ಕೊರಳ ಸುತ್ತ ಚರ್ಮ ಕಿತ್ತುಬಂದಿತ್ತು. ಗಾಬರಿಯಲ್ಲಿ ಹಗ್ಗ ಬಿಚ್ಚುವುದು ಯಾರಿಗೂ ಹೊಳೆದಿರಲಿಲ್ಲ.

ಜಯಲಕ್ಷ್ಮಮ್ಮ ಮೊದಲು ಹಗ್ಗ ಬಿಚ್ಚಿದಳು. ಆಮೇಲೆ ರಕ್ತದ ಮೇಲೆಯೇ ಕೂತು ಗೌರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ದನಿ ಕೇಳಿಯೂ ಗೌರಿ ಕೂಗಲಿಲ್ಲ. ಕಿವಿ ಮಾತ್ರ ಆಡಿಸಿತು. ಲೋಕೇಶ ಪಾಂಡವಪುರದಿಂದ ಡಾಕ್ಟರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುವಷ್ಟರಲ್ಲಿ ಆ ಕಿವಿಯೂ ನಿಂತಿತ್ತು. ಚೀಟಿ ನೋಡಿದ ಡಾಕ್ಟರು, ಮೊದಲನೆಯ ಸೂಜಿಯೇ ನಿಂತಿತ್ತಪ್ಪ, ದಿನ ಆಗಲೇ ತುಂಬಿತ್ತು, ಗಬ್ಬವಾದ ಮೇಲೂ ಕೆಲವು ಹಸು ಒಮ್ಮೆ ಬೆದೆ ತೋರಿಸುತ್ತವೆ, ನಮ್ಮ ಹಳೆಯ ಕಾಂಪೌಂಡರನ್ನು ಕೇಳಿದ್ದರೂ ಹೇಳುತ್ತಿದ್ದ ಎಂದರು. ಯಾವಾಗಲೂ ಹಾಗೇನಾ ಎಂದು ಕೇಳಿದ್ದ ಸ್ನೇಹಳ ದನಿ ಲೋಕೇಶನ ಕಿವಿಯಲ್ಲಿ ಬಂದು ಕೂತಿತು.

"ಎಷ್ಟ್ ಸಲ ಮಾಡ್ದೆ ಕಣ್ಲಾ ಲೋಕಿ," ಎಂದು ಯಶೋದಮ್ಮ ಅಳುತ್ತಲೇ ಹೇಳಿದಳು. "ಅಕ್ಕಂದು ಸ್ವಿಚ್ಚಾಫಾಗಿತ್ತು, ನಿಂದು ಎರಡ್ ರಿಂಗಿಗೇ ಕಟ್ಟಾಯ್ತಿತ್ತು. ನೆಟ್‌ವರ್ಕು ಇಲ್ವೇನೋ ಅಂದ್ಕಂಡೆ."

ಜಯಲಕ್ಷ್ಮಮ್ಮ ತಲೆಯೆತ್ತಿ ಮಗನ ಮುಖ ನೋಡಿದಳು. ಎರಡು ರಿಂಗಿಗೆ ಕಟ್ಟಾಗುವುದು ನೆಟ್‌ವರ್ಕಿನಿಂದಲ್ಲ ಎಂಬುದು ಅಕ್ಷರ ಬಾರದವರಿಗೂ ಗೊತ್ತಾಗುವ ಸಂಗತಿ. ಆ ಸಂಜೆ ನಾಲೆಯ ಏರಿಯ ಕೆಳಗೆ ಗುಂಡಿ ತೋಡಿಸಿ ತಾಯಿ ಕರು ಎರಡನ್ನೂ ಒಟ್ಟಿಗೆ ಮಣ್ಣು ಮಾಡಿದರು. ಮನೆಗೆ ಬಂದ ಮೇಲೂ ಅವಳು ಮಗನನ್ನು ಬಯ್ಯಲಿಲ್ಲ, ಶಪಿಸಲಿಲ್ಲ. ಬಯ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮುದ್ದೆ ಬಡಿಸುತ್ತಿದ್ದಳು, ಸೊಪ್ಪಿನ ಸಾರು ಬಿಡುತ್ತಿದ್ದಳು, ಮಾತು ಮಾತ್ರ ನಿಂತುಹೋಯಿತು. ಬೆಳಗಿನ ಐದಕ್ಕೆ ಎದ್ದು, ಮಾಡಲು ಏನೂ ಇಲ್ಲದೆ, ಆಫೀಸಾದ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿರುತ್ತಿದ್ದಳು.

ಸೋಮವಾರ ಹತ್ತು ಗಂಟೆಯ ಮೀಟಿಂಗಿಗೆ ಲೋಕೇಶ ಕ್ಯಾಮೆರಾ ಆರಿಸಿ ಕೂತ. ಉಗುರಿನಲ್ಲಿ ಏರಿಯ ಮಣ್ಣಿತ್ತು. ಆ ವಾರವಿಡೀ ಅವನು ಹಿಂದೆಂದೂ ಮಾಡದಷ್ಟು ಕೆಲಸ ಮಾಡಿದ. ಬೇರೆಯವರು ಬರೆದದ್ದರಲ್ಲಿ ಎಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಇಡುವ ಸಾಲು ಕಂಡರೂ ನಿಲ್ಲಿಸಿ, ಹಳೆಯದು ಬೇಕಾದರೆ ಏನು ಮಾಡುತ್ತೀರಿ ಎಂದು ಕೇಳತೊಡಗಿದ. ಸ್ನೇಹ ಮೆಚ್ಚಿದಳು. ಎರಡನೆಯ ವಾರ, ಆರು ತಿಂಗಳು ತುಂಬುವ ಮೊದಲೇ, ಅವನನ್ನು ಖಾಯಂ ಮಾಡಿದ ಕಾಗದ ಬಂತು. ಅದನ್ನು ಓದಿ ಹೇಳಿದಾಗ ಜಯಲಕ್ಷ್ಮಮ್ಮ ದೇವರ ಮುಂದೆ ದೀಪ ಹಚ್ಚಿದಳು, ಒಳಗೆ ಹೋದಳು. ಗೌರಿಯ ಪುಟವನ್ನು ತೆರೆಯುವ ಧೈರ್ಯ ಅವನಿಗೆ ಬರಲಿಲ್ಲ. ತನ್ನ ಫೋನಿನಿಂದ ಪ್ರೋಗ್ರಾಮನ್ನು ಕಿತ್ತುಹಾಕಿದ, ಅಷ್ಟೆ. ಅವ್ವನ ಫೋನಿನ ನೆನಪಾಗಲಿಲ್ಲ.

ಗುರುವಾರ ಹೆಣ್ಣಿನ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿದ್ದರು. ಹಿತ್ತಲಲ್ಲಿ ಧನುಶ್ರೀಯ ತಾಯಿಯ ಹಸುಗಳ ಸದ್ದು ಕೇಳುತ್ತಿತ್ತು. ಧನುಶ್ರೀ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು; ಎದುರಿಗೆ ಗಂಡಸರ ಸಾಲಿನಲ್ಲಿ ಲೋಕೇಶ. ಅವಳು ಒಮ್ಮೆ ತಲೆಯೆತ್ತಿ ಅವನನ್ನು ನೋಡಿ ನಕ್ಕಳು. ಎಲ್ಲ ಮರೆತು ಇವಳೊಬ್ಬಳಿಗಾಗಿ ಬದುಕಿಬಿಡಬಹುದೆಂದು ಆ ಕ್ಷಣಕ್ಕೆ ಅವನಿಗೆ ಅನಿಸಿತು. ಗಂಡನಿಲ್ಲದವಳು ಹೂ ಮುಡಿಸಬಾರದೆಂದು ಒಬ್ಬಿಬ್ಬರು ಗೊಣಗಿದರೂ, ಅತ್ತೆಯ ಕೈಯಿಂದಲೇ ಆಗಲಿ ಎಂದು ಧನುಶ್ರೀ ಹಟ ಹಿಡಿದಿದ್ದಳು. ಜಯಲಕ್ಷ್ಮಮ್ಮ ಸೊಸೆಯಾಗುವವಳ ಪಕ್ಕ ಕೂತು, ಅರಿಸಿನ ಕುಂಕುಮ ಹಚ್ಚಿ, ತಟ್ಟೆಯಿಂದ ಮಲ್ಲಿಗೆಯ ದಂಡೆ ಎತ್ತಿಕೊಂಡಳು. ಹೆಂಗಸರು ಸೋಬಾನೆ ಹೇಳಲು ದನಿ ಸರಿಮಾಡಿಕೊಂಡರು. ಹೊತ್ತು ಸರಿಯಾಗಿ ಹತ್ತು ಗಂಟೆ.

ಎಲೆ ಅಡಿಕೆಯ ತಟ್ಟೆಯಲ್ಲಿದ್ದ ಅವಳ ಫೋನು ಬೆಳಗಿತು. ಅದರೊಳಗಿಂದ ಲೋಕೇಶನ ದನಿ, ಎರಡು ವರ್ಷದ ಕೆಳಗಿನ ಹುರುಪಿನ ದನಿ, ನಡುಮನೆಗೆಲ್ಲ ಕೇಳುವ ಹಾಗೆ ಹೇಳಿತು: "ಅವ್ವಾ, ಇವತ್ತು ಗೌರಿ ಕರ ಹಾಕೋ ದಿನ. ಎಲ್ಲೂ ಓಗ್ಬ್ಯಾಡ. ಅವಳ ಹತ್ರನೇ ಇರು."

ಯಾರೋ ಕಿಸಕ್ಕೆಂದರು. ಚಿಕ್ಕಸ್ವಾಮಿ ನೆಲ ನೋಡುತ್ತ ಕೂತ. ಲೋಕೇಶ ಅದನ್ನು ಆರಿಸಲು ಅರ್ಧ ಎದ್ದು, ಮತ್ತೆ ಜಮಖಾನದ ಮೇಲೆ ಕೂತ. ಧನುಶ್ರೀ ಮೊದಲು ಅವನನ್ನು ನೋಡಿದಳು, ಆಮೇಲೆ ಫೋನನ್ನು.

"ಗೌರಿ ಯಾರು ಅತ್ತೆ?" ಎಂದು ಮೆಲ್ಲಗೆ ಕೇಳಿದಳು.

ಜಯಲಕ್ಷ್ಮಮ್ಮ ಮಗನ ಕಡೆ ಕಣ್ಣೆತ್ತಿದಳು. ಹದಿನೆಂಟು ದಿನದಲ್ಲಿ ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಈಗ ಅವಳು ಬಾಯಿ ತೆರೆದರೆ ಎಲ್ಲ ಮುಗಿಯಿತು ಎಂದುಕೊಂಡ. ಮುಗಿದುಬಿಟ್ಟರೂ ವಾಸಿ ಎನಿಸಿತು.

"ಹಳೇದು ಕಣವ್ವ," ಎಂದಳು ಜಯಲಕ್ಷ್ಮಮ್ಮ. "ಮಾರ್ಬುಟ್ಟಿದ್ದು."

ಫೋನನ್ನು ಕೈಗೆತ್ತಿಕೊಂಡಳು. ಪರದೆಯ ತುಂಬ ಗೌರಿಯ ಮುಖ, ಹಣೆಯ ಮೇಲೆ ಬಿಳಿಯ ಚುಕ್ಕಿ. ಕೆಳಗೆ ಎರಡೇ ಗುಂಡಿ. ಅವಳ ಹೆಬ್ಬೆರಳು ಅವುಗಳ ಮೇಲೆ ಸ್ವಲ್ಪ ಹೊತ್ತು ಆಡಿತು. ಒತ್ತದಿದ್ದರೆ ಐದು ನಿಮಿಷಕ್ಕೆ ಮತ್ತೆ ಕೂಗುತ್ತದೆಂದು ಅವಳಿಗೆ ಗೊತ್ತಿತ್ತು. ಹೆಣ್ಣು ಕರು ಎಂಬುದನ್ನು ಒತ್ತಿ, ಫೋನನ್ನು ತಟ್ಟೆಗೆ ಇಟ್ಟು, ಮಲ್ಲಿಗೆಯ ದಂಡೆಯನ್ನು ಧನುಶ್ರೀಯ ಜಡೆಗೆ ಮುಡಿಸಿದಳು. ಹೆಂಗಸರು ಸೋಬಾನೆ ಎತ್ತಿಕೊಂಡರು.

ತಟ್ಟೆಯಲ್ಲಿ, ಎಲೆ ಅಡಿಕೆಯ ನಡುವೆ, ಪರದೆ ಇನ್ನೂ ಆರಿರಲಿಲ್ಲ. ಕರುವಿನ ಹೆಸರು ಬರೆಯಿರಿ ಎಂದು ಅದು ಕೇಳುತ್ತಿತ್ತು. ಅದರ ಕೆಳಗಿನ ಖಾಲಿ ಚೌಕದಲ್ಲಿ ಒಂದು ಸಣ್ಣ ಗೆರೆ ಹತ್ತಿ ಆರಿ, ಹತ್ತಿ ಆರಿ ಕಾಯುತ್ತಿತ್ತು.